ಇಪ್ಪತ್ಮೂರು ಸಾಲುಗಳ ಅನುಮತಿ

ನನ್ನ ಬಳಿ ಎರಡು ನೋಟ್‌ಬುಕ್‌ಗಳಿವೆ. ಒಂದರಲ್ಲಿ ದಿನಚರಿ, ಇನ್ನೊಂದರಲ್ಲಿ ಬರೀ ಎಣಿಕೆ. ಬ್ಯಾಡಗಿಯಿಂದ ಹಾವೇರಿಗೆ ಹೋಗುವ ನನ್ನ ಬಸ್ಸು ವಾರದಲ್ಲಿ ಎಷ್ಟು ಸಲ ತಡವಾಯಿತು, ಅಂಗಡಿಗೆ ಎಷ್ಟು ತೂಕದ ಕಾಟಾ ರಿಪೇರಿಗೆ ಬಂದವು, ಅವುಗಳಲ್ಲಿ ಎಷ್ಟರ ವೈರನ್ನು ಇಲಿ ಕಡಿದಿತ್ತು, ಇಂಥವು. ನಾಲ್ಕು ನಿಂತ ಗೆರೆ, ಅವುಗಳ ಮೇಲೆ ಒಂದು ಅಡ್ಡ ಗೆರೆ. ಹೀಗೆ ಐದೈದರ ಕಟ್ಟು. ಆ ಲೈಸೆನ್ಸಿನ ಪ್ರಕರಣ ಶುರುವಾದ ದಿನದಿಂದ ಮುಗಿದ ದಿನದವರೆಗೆ ಆರು ಕಟ್ಟು, ಮೇಲೆ ನಾಲ್ಕು ಗೆರೆ. ಮೂವತ್ನಾಲ್ಕು ದಿನ.

ನಾನು ಹಾವೇರಿಯಲ್ಲಿ ತೂಕದ ಯಂತ್ರಗಳ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಕೆಟ್ಟ ಕಾಟಾ ಬಿಚ್ಚಿ ಸರಿಮಾಡುವುದು, ಹೊಸದನ್ನು ಗಿರಾಕಿಯ ಕಡೆ ಹೋಗಿ ಕೂಡಿಸುವುದು, ಅದನ್ನು ಕಂಪ್ಯೂಟರಿಗೆ ಜೋಡಿಸಿಕೊಡುವುದು. ನನ್ನ ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೂಕದವನು. ಹಮಾಲರು ಚೀಲ ತಂದು ಕಾಟಾದ ಮೇಲೆ ಒಗೆಯುತ್ತಾರೆ, ಅಪ್ಪ ಸ್ಟೂಲಿನ ಮೇಲೆ ಕುಳಿತು ಅಂಕಿ ನೋಡಿ ತೂಕ ಕೂಗುತ್ತಾನೆ, ದಲಾಲಿ ಅಂಗಡಿಯ ಗುಮಾಸ್ತ ಬರೆದುಕೊಳ್ಳುತ್ತಾನೆ, ಮಾಲು ತಂದ ರೈತ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ. ನಾನು ಹುಟ್ಟುವ ಮೊದಲಿನಿಂದಲೂ ಸೋಮವಾರ, ಗುರುವಾರ ಅಪ್ಪನ ದನಿ ಮಾರುಕಟ್ಟೆಯದು. ಉಳಿದ ದಿನ ಮನೆಯಲ್ಲಿ ಅವನು ಹೆಚ್ಚು ಮಾತಾಡುವುದಿಲ್ಲ. ಗಂಟಲು ಉಳಿಸಿಕೊಳ್ಳುತ್ತಾನೆ ಎಂದು ಅವ್ವ ಹೇಳುತ್ತಾಳೆ.

ರಜೆಯ ದಿನಗಳಲ್ಲಿ ಮನೆಯಲ್ಲಿ ಕುಳಿತು ನಾನು ಒಂದು ಚಿಕ್ಕ ಲೈಬ್ರರಿ ಬರೆದಿದ್ದೆ. ಬೇರೆಯವರ ಪ್ರೋಗ್ರಾಮಿನೊಳಗೆ ಸೇರಿಕೊಂಡು ಒಂದೇ ಒಂದು ಕೆಲಸ ಮಾಡಿಕೊಡುವ ಕೋಡಿನ ತುಂಡಿಗೆ ಹಾಗೆ ಹೆಸರು. ನನ್ನದು ಮಾಡುತ್ತಿದ್ದ ಕೆಲಸ ಇಷ್ಟೇ: ಕಾಟಾದಿಂದ ತಂತಿಯಲ್ಲಿ ಬರುವ ಅಂಕಿಗಳನ್ನು ಓದಿ ತೂಕ ಎಷ್ಟೆಂದು ಹೇಳುವುದು. ಕೇಳಲು ಸುಲಭ. ಆದರೆ ಅಂಕಿ ನಿಲ್ಲುವುದಿಲ್ಲ. ಚೀಲ ಬಿದ್ದ ಕೂಡಲೇ ಅದು ಮೇಲೆ ಹಾರುತ್ತದೆ, ಕೆಳಗೆ ಇಳಿಯುತ್ತದೆ, ಮತ್ತೆ ಏರುತ್ತದೆ. ಗಾಳಿ ಬೀಸಿದರೆ ಇನ್ನೂ ಆಡುತ್ತದೆ. ಒಂದೇ ಅಂಕಿ ಸಾಲಾಗಿ ಹತ್ತು ಸಲ ಬರುವವರೆಗೆ ನನ್ನ ಲೈಬ್ರರಿ ಕಾಯುತ್ತಿತ್ತು. ಅದು ಸರಿಯಾದ ಉತ್ತರವನ್ನೇ ಕೊಡುತ್ತಿತ್ತು, ಆದರೆ ಬಹಳ ನಿಧಾನ.

ಒಂದು ಸೋಮವಾರ ಅಪ್ಪನ ಹತ್ತಿರ ಕುಳಿತು ನೋಡಿದೆ. ಅವನು ಅಂಕಿ ನಿಲ್ಲುವ ಮೊದಲೇ ಕೂಗುತ್ತಿದ್ದ. ಅವನು ಕೂಗಿ ಗುಮಾಸ್ತ ಬರೆದ ಮೇಲೆ ಅಂಕಿ ಅದೇ ತೂಕಕ್ಕೆ ಬಂದು ನಿಲ್ಲುತ್ತಿತ್ತು. ಅರವತ್ತು ಚೀಲ ಎಣಿಸಿದೆ. ಐವತ್ತೆಂಟು ಸಲ ಅಪ್ಪ ಹೇಳಿದ್ದೇ ಆಯಿತು, ಎರಡು ಸಲ ಕೂದಲೆಳೆಯ ಹೆಚ್ಚು ಕಡಿಮೆ. ಹೇಗೆ ಎಂದು ಕೇಳಿದರೆ ಅವನಿಗೆ ಹೇಳಲು ಬರಲಿಲ್ಲ. ಮೂರು ವಾರ ಬೆನ್ನು ಹತ್ತಿದ ಮೇಲೆ ತಿಳಿಯಿತು. ಅವನು ಅಂಕಿಯನ್ನು ನೋಡುತ್ತಿರಲಿಲ್ಲ, ಅದು ಎಲ್ಲಿ ತಿರುಗುತ್ತದೆ ಎಂಬುದನ್ನು ನೋಡುತ್ತಿದ್ದ. ಏರಿದ್ದು ಎಲ್ಲಿಂದ ಇಳಿಯಿತು, ಇಳಿದದ್ದು ಎಲ್ಲಿಂದ ಏರಿತು. ಮೂರನೆಯ ತಿರುವಿಗೆ ಅವನಿಗೆ ನಡು ಸಿಕ್ಕಿರುತ್ತಿತ್ತು. ಹಳೆಯ ತಕ್ಕಡಿಯ ಕಾಲದಲ್ಲಿ ಮುಳ್ಳು ಆ ಕಡೆ ಈ ಕಡೆ ಆಡುವಾಗ ಕಲಿತ ಕಣ್ಣು ಅದು. ಅದನ್ನು ನಾನು ಕೋಡಿಗೆ ಇಳಿಸಿದೆ. ಇಪ್ಪತ್ಮೂರು ಸಾಲಾಯಿತು. ಲೈಬ್ರರಿಯಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ. ಎಲ್ಲರಿಗೂ ಕಾಣುವ ಹಾಗೆ ಇಂಟರ್ನೆಟ್ಟಿನಲ್ಲಿ ಇಟ್ಟೆ.

ಮೊದಲ ದಿನ ಎಂದು ನಾನು ಗೆರೆ ಎಳೆದದ್ದು ರಾಣೆಬೆನ್ನೂರಿನ ಅಕ್ಕ ಫೋನು ಮಾಡಿದ ದಿನ. ಅವಳು ನನ್ನ ಸ್ವಂತ ಅಕ್ಕನಲ್ಲ. ದೇವರಗುಡ್ಡದ ರಸ್ತೆಯಲ್ಲಿ ತರಕಾರಿ ಬೀಜ ಪ್ಯಾಕ್ ಮಾಡುವ ಚಿಕ್ಕ ಘಟಕ ನಡೆಸುತ್ತಾಳೆ. ಅವಳ ಕಾಟಾಗಳನ್ನು ನೋಡಲು ಹೋಗಿ ಹೋಗಿ ಪರಿಚಯ. ಅವಳ ಹೊಸ ಯಂತ್ರದಲ್ಲಿ ಬೀಜ ಸುರಿಯುವಾಗ ಇಡೀ ಚೌಕಟ್ಟೇ ನಡುಗುತ್ತದೆ, ಅಂಕಿ ನಿಲ್ಲುವುದೇ ಇಲ್ಲ, ಒಂದು ಪ್ಯಾಕೆಟ್ಟಿಗೆ ಹೆಚ್ಚು ಇನ್ನೊಂದಕ್ಕೆ ಕಡಿಮೆ. ನನ್ನ ಲೈಬ್ರರಿ ಹಾಕಿ ನೋಡಿದಾಗ ಸರಿಯಾಯಿತಂತೆ. ಆದರೆ ಯಂತ್ರ ಮಾಡಿಕೊಟ್ಟವನು ಅದನ್ನು ಹಾಗೇ ಬಿಡಲು ಒಪ್ಪಲಿಲ್ಲ. ಇದಕ್ಕೆ ಲೈಸೆನ್ಸೇ ಇಲ್ಲ, ಬರೆದವರ ಲಿಖಿತ ಅನುಮತಿ ಇಲ್ಲದೆ ಬಳಸಲಾರೆ ಎಂದ.

ನಾನು ನಕ್ಕೆ. ಬಚ್ಚಿಟ್ಟಿದ್ದರೆ ತಾನೆ ಅನುಮತಿ ಬೇಕು? ಬೇಸಿಗೆಯಲ್ಲಿ ನಮ್ಮ ಪೇಟೆಯ ಅಂಗಡಿಗಳ ಮುಂದೆ ನೀರಿನ ಗಡಿಗೆ ಇಟ್ಟಿರುತ್ತಾರೆ, ಮೇಲೊಂದು ತಟ್ಟೆ, ಅದರ ಮೇಲೊಂದು ಲೋಟ. ಕುಡಿಯಬಹುದು ಎಂದು ಯಾರೂ ಬೋರ್ಡು ಹಾಕುವುದಿಲ್ಲ. ಹೊರಗೆ ಇಟ್ಟಿದ್ದಾರೆ ಎಂದರೆ ಕುಡಿಯಲೆಂದೇ. ಕೋಡು ಕೂಡ ಹಾಗೆ ಎಂದುಕೊಂಡಿದ್ದೆ. ಯಂತ್ರದವನು ತಾಳ್ಮೆಯಿಂದ ಮೆಸೇಜು ಬರೆದ. ಕಾನೂನಿನಲ್ಲಿ ಅದು ತಿರುಗಾಮುರುಗಾ. ಬರೆದವರು ಏನೂ ಹೇಳದಿದ್ದರೆ ಬೇಡ ಎಂದು ಹೇಳಿದ ಹಾಗೆ. ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಬಳಸಬಹುದು ಎನ್ನುವ, ಷರತ್ತು ಕಡಿಮೆ ಇರುವ ಲೈಸೆನ್ಸು ಒಂದನ್ನು ಹಾಕಿದರೆ ತನ್ನ ಕೆಲಸ ಆಗುತ್ತದೆ ಎಂದ.

ಎರಡನೆಯ ದಿನದಿಂದ ಒಂಬತ್ತನೆಯ ದಿನದವರೆಗೆ ನಾನು ಹನ್ನೊಂದು ಲೈಸೆನ್ಸುಗಳನ್ನು ಓದಿದೆ. ಬಸ್ಸಿನಲ್ಲಿ, ಹೋಗುವಾಗ ಮೋಟೆಬೆನ್ನೂರಿನವರೆಗೆ ಒಂದು, ಬರುವಾಗ ಇನ್ನೊಂದು. ಮೂರಕ್ಕೆ ಅಡ್ಡ ಗೆರೆ ಹೊಡೆದೆ: ನನ್ನ ಕೋಡು ತೆಗೆದುಕೊಂಡವನು ತನ್ನದನ್ನೂ ಬಿಚ್ಚಿಡಬೇಕು ಎನ್ನುತ್ತಿದ್ದವು, ಯಂತ್ರದವನಿಗೆ ಅದು ಆಗುವುದಿಲ್ಲ. ಎರಡು ಬಹಳ ಉದ್ದ. ಕೊನೆಗೆ ಉಳಿದದ್ದರಲ್ಲಿ ಅತಿ ಚಿಕ್ಕದನ್ನು ಆರಿಸಿದೆ. ಮೂರೇ ಪ್ಯಾರಾ. ಬಳಸು, ನಕಲು ಮಾಡು, ತಿದ್ದು, ಮಾರು. ಮೇಲಿನ ಹೆಸರಿನ ಸಾಲನ್ನೂ ಈ ಬರಹವನ್ನೂ ಮಾತ್ರ ತೆಗೆಯಬೇಡ. ಏನಾದರೂ ತಪ್ಪಾದರೆ ಬರೆದವರು ಹೊಣೆಯಲ್ಲ. ಮರುದಿನ ಹಾಕುವುದೆಂದು ದಿನಚರಿಯಲ್ಲಿ ಬರೆದೆ.

ಮರುದಿನ, ಹತ್ತನೆಯ ದಿನ, ಅಂಗಡಿಯ ಮಾಲೀಕರು ಒಂದು ಹೊಸ ಡಿಸ್‌ಪ್ಲೇ ಬೋರ್ಡಿನ ಡಬ್ಬಿ ಬಿಚ್ಚಿಸಿದರು. ಮೊಳದುದ್ದದ ಬೋರ್ಡು, ಕೆಂಪು ಅಂಕಿ, ಹತ್ತು ಮಾರು ದೂರಕ್ಕೂ ಕಾಣುವಂಥದ್ದು. ಕೆಳಗೆ ಚೀಟಿ ಮುದ್ರಿಸುವ ಚಿಕ್ಕ ಯಂತ್ರ.

"ಯವ್ವಾ, ನಿಂದ ಆ ಪ್ರೋಗ್ರಾಮ ಇದಕ್ಕ ಹಚ್ಚಿದ್ರ ಅಂಕಿ ಲಗೂ ನಿಲ್ತೈತಲ್ಲ?" ಎಂದರು. "ಬ್ಯಾಡಗಿ ದಲಾಲಿ ಅಂಗಡ್ಯಾವ್ರು ಇಬ್ರು ಕೇಳ್ಯಾರ. ಅಂಕಿ ತಾನ ತೋರಿಸ್ತೈತಿ, ಚೀಟಿ ತಾನ ಬರತೈತಿ. ಕೂಗಾವ್ರ ಕೆಲಸನ ಇಲ್ಲ."

ಹೇಳಿದ ಮೇಲೆ ಅವರಿಗೆ ನೆನಪಾಯಿತು. ಮೇಜಿನ ಮೇಲಿದ್ದ ಸ್ಕ್ರೂಡ್ರೈವರನ್ನು ಎತ್ತಿ ಅದರ ತುದಿ ನೋಡಿದರು.

"ನಿಮ್ಮಪ್ಪಂದಲ್ಲ ಬಿಡು. ನಾ ಸಹಜ ಅಂದೆ."

ಪೇಪರು ಇನ್ನೂ ಆಗಿಲ್ಲ, ಲೈಸೆನ್ಸು ಇಲ್ಲದೆ ಯಾರೂ ಬಳಸುವ ಹಾಗಿಲ್ಲ ಎಂದು ನಾನು ಅಂದೆ. ಅದು ಸುಳ್ಳಾಗಿರಲಿಲ್ಲ. ಆದರೆ ಆ ಸಂಜೆ ಬಸ್ಸಿನಲ್ಲಿ ಕುಳಿತಾಗ ನಾನು ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ತಿಳಿಯಿತು. ಏನೂ ತಿಳಿಯದೆ ಲೈಸೆನ್ಸು ಬಿಟ್ಟದ್ದು ನನ್ನ ತಪ್ಪು. ಆ ತಪ್ಪೇ ಇಷ್ಟು ದಿನ ಅಪ್ಪನಿಗೆ ಬೇಲಿಯಾಗಿತ್ತು. ರಾಣೆಬೆನ್ನೂರಿಗೆ ಬಾಗಿಲು ತೆರೆದರೆ ಬ್ಯಾಡಗಿಗೂ ತೆರೆಯುತ್ತದೆ. ಅಕ್ಕನಿಗೆ ಕೊಡುವ ಮೂರು ಪ್ಯಾರಾಗಳೇ ಮಾಲೀಕರ ಕೈಗೂ ಹೋಗುತ್ತವೆ, ಆಮೇಲೆ ಬೇಡ ಎನ್ನಲು ನನ್ನ ಹತ್ತಿರ ಏನೂ ಇರುವುದಿಲ್ಲ. ಅಪ್ಪನ ಸ್ಟೂಲು ಎತ್ತಿಡುವ ಯಂತ್ರದೊಳಗೆ ಇರುವುದು ಅಪ್ಪನ ಕಣ್ಣೇ.

ಇಪ್ಪತ್ಮೂರು ಸಾಲು ತೆಗೆದು ಉಳಿದದ್ದನ್ನು ಕೊಡೋಣವೆಂದರೆ ಅಕ್ಕನ ನಡುಗುವ ಯಂತ್ರಕ್ಕೆ ಬೇಕಾಗಿದ್ದದ್ದು ಆ ಇಪ್ಪತ್ಮೂರೇ. ಹನ್ನೊಂದು ಲೈಸೆನ್ಸುಗಳನ್ನು ಮತ್ತೆ ತೆಗೆದೆ. ಇಂಥ ಕೆಲಸಕ್ಕೆ ಬಳಸಬೇಡಿ ಎಂದು ಹೇಳಲು ಎಲ್ಲಿಯಾದರೂ ಸಂದಿ ಇದೆಯೇ ಎಂದು ಒಂದೊಂದು ವಾಕ್ಯ ಹುಡುಕಿದೆ. ಇಲ್ಲ. ಹನ್ನೊಂದಕ್ಕೆ ಹನ್ನೊಂದೂ ಆ ವಿಷಯದಲ್ಲಿ ಒಂದೇ ಮಾತು: ಯಾರಿಗೆ, ಯಾವುದಕ್ಕೆ ಎಂದು ಆರಿಸುವ ಹಾಗಿಲ್ಲ. ಹದಿನೆರಡನೆಯ ದಿನ ನಾನೇ ಒಂದು ವಾಕ್ಯ ಸೇರಿಸಿದೆ. ಚಿಕ್ಕ ಲೈಸೆನ್ಸಿನ ಕೆಳಗೆ, ಇದನ್ನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಬಳಸತಕ್ಕದ್ದಲ್ಲ ಎಂದು ಇಂಗ್ಲಿಷಿನಲ್ಲಿ. ಓದಿದರೆ ಗೋಡೆಯ ಮೇಲೆ ಬರೆದ ಎಚ್ಚರಿಕೆಯ ಹಾಗೆ ಕಾಣುತ್ತಿತ್ತು. ಆದರೂ ಯಂತ್ರದವನಿಗೆ ಕಳಿಸಿದೆ.

ಹದಿನೈದನೆಯ ದಿನ ಅದು ತಿರುಗಿ ಬಂತು. ಹೀಗೆ ಒಂದು ಊರನ್ನು ಹೊರಗಿಟ್ಟರೆ ಅದು ಮುಕ್ತ ಲೈಸೆನ್ಸು ಅನ್ನಿಸಿಕೊಳ್ಳುವುದಿಲ್ಲ, ಈ ಯಂತ್ರವನ್ನು ನಾಳೆ ಯಾರು ಕೊಂಡು ಎಲ್ಲಿ ಇಡುತ್ತಾರೋ ನಾನು ಕಾವಲು ಕಾಯಲಾರೆ ಎಂದಿದ್ದ. ಹಿಂದೆಯೇ ಅಕ್ಕನ ಫೋನು.

"ಏನಬೇ, ಗುತ್ತಲದಾಗ ನಡೀತೈತಿ, ಕರ್ಜಗ್ಯಾಗ ನಡೀತೈತಿ, ಬ್ಯಾಡಗಿಗಷ್ಟ ಬಾಗಿಲಾ ಹಾಕೀದಿ. ನಿಮ್ಮೂರ ಮ್ಯಾಲ ಅಷ್ಟ ಸಿಟ್ಟೈತೇನ?"

ನಾನು ಕಾರಣ ಹೇಳಲಿಲ್ಲ. ಅವಳು ಸ್ವಲ್ಪ ಹೊತ್ತು ನಕ್ಕು, ಆಮೇಲೆ ದನಿ ತಗ್ಗಿಸಿ, ಬಿತ್ತನೆ ಹತ್ತಿರ ಬಂತು, ಪ್ಯಾಕೆಟ್ಟು ತಡವಾದರೆ ಈ ಹಂಗಾಮು ಹೋಯಿತು ಎಂದಳು. ಅವಳ ಘಟಕದಲ್ಲಿ ಒಂಬತ್ತು ಹೆಂಗಸರು ಕೆಲಸ ಮಾಡುತ್ತಾರೆ. ನಾನು ಹೋದಾಗಲೆಲ್ಲ ಅವರು ಕೈಯಲ್ಲೇ ಪ್ಯಾಕೆಟ್ಟು ತೂಗಿ ತೂಗಿ, ಹೆಚ್ಚಾದ ಬೀಜವನ್ನು ಬೆರಳಲ್ಲಿ ಚಿಟಿಕೆ ಚಿಟಿಕೆ ತೆಗೆಯುತ್ತಿದ್ದುದನ್ನು ನೋಡಿದ್ದೇನೆ. ಇವರು ಒಂಬತ್ತು, ಅಪ್ಪ ಒಬ್ಬ ಎಂದು ಪುಸ್ತಕದಲ್ಲಿ ಬರೆದು, ಬರೆದದ್ದಕ್ಕೆ ನಾಚಿಕೆಯಾಗಿ ಹೊಡೆದುಹಾಕಿದೆ. ಅದು ಎಣಿಸುವ ವಿಷಯವಾಗಿರಲಿಲ್ಲ.

ಮುಂದಿನ ನಾಲ್ಕು ದಿನ, ದಿನದ ಗೆರೆಯೊಂದು ಬಿಟ್ಟರೆ, ಎರಡೂ ಪುಸ್ತಕಗಳಲ್ಲಿ ಏನೂ ಇಲ್ಲ.

ಇಪ್ಪತ್ತನೆಯ ದಿನ, ಸಂಜೆ, ಮಾಳಿಗೆಯ ಮೇಲೆ ಅವ್ವ ಒಣಹಾಕಿದ್ದ ಹಪ್ಪಳ ತೆಗೆಯುತ್ತಿದ್ದಾಗ ಅಪ್ಪನಿಗೆ ಎಲ್ಲ ಹೇಳಿದೆ. ಗುರುವಾರವಾಗಿತ್ತು, ಮಾರುಕಟ್ಟೆಯಿಂದ ಬಂದು ಸ್ನಾನ ಮಾಡಿದ್ದರೂ ಅವನ ಮೈಯಿಂದ ಮೆಣಸಿನಕಾಯಿಯ ಘಾಟು ಹೋಗಿರಲಿಲ್ಲ. ಓದು ಎಂದ. ಮೂರು ಪ್ಯಾರಾಗಳನ್ನೂ ಕನ್ನಡದಲ್ಲಿ ಹೇಳುತ್ತ ಹೋದೆ.

"ಯಾರ ಬೇಕಾದ್ರೂ?"

"ಯಾರ ಬೇಕಾದ್ರೂ ಅಪ್ಪಾ. ಮಾರ್ಕೊಂಡ್ರೂ ನಡೀತೈತಿ. ನನ್ನ ಹೆಸರಿನ ಸಾಲು ತಗೀಬಾರದು, ಅಷ್ಟ."

"ಕೊಟ್ಟ ಮ್ಯಾಲ ವಾಪಸ್?"

"ಬರಂಗಿಲ್ಲ. ಮುಂದ ಬರ್ಯೂದನ್ನ ಬ್ಯಾರೆ ರೀತಿ ಕೊಡಬಹುದು. ಕೊಟ್ಟದ್ದು ಕೊಟ್ಟಂಗ."

ಕೊನೆಯ ಪ್ಯಾರಾವನ್ನು ಅವನು ಎರಡು ಸಲ ಓದಿಸಿದ. ತೂಕ ತಪ್ಪಾದರೆ ಯಾರೂ ಹೊಣೆಯಲ್ಲವೇ ಎಂದು ಕೇಳಿದ. ಹಾಗೇ ಬರೆದಿದೆ ಎಂದೆ.

"ನಂದ ತಪ್ಪಾದ್ರ ರೈತ ಬಂದು ನನ್ನ ಅಂಗಿ ಹಿಡೀತಾನ," ಎಂದ. "ಇದಕ್ಕ ಅಂಗೀನ ಇಲ್ಲ."

ಅವ್ವ ಹಪ್ಪಳದ ಬುಟ್ಟಿ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಹೆಸರಿನ ಸಾಲಿನಲ್ಲಿ ನನ್ನ ಜೊತೆ ನಿನ್ನ ಹೆಸರನ್ನೂ ಹಾಕುತ್ತೇನೆ, ಆ ಸಾಲುಗಳು ನಿನ್ನವೇ ಎಂದೆ. ಅಪ್ಪ ಬೇಡ ಎಂದ. ನಾಳೆ ಆ ಡಬ್ಬಿ ತಪ್ಪು ತೋರಿಸಿದರೆ ಜನ ನಮ್ಮ ಮನೆಗೆ ಬರುತ್ತಾರೆ ಎಂದ. ತಾನೂ ಅದನ್ನು ಒಬ್ಬ ಹಿರಿಯ ತೂಕದವನ ಹಿಂದೆ ನಿಂತು ನೋಡಿ ಕಲಿತದ್ದು, ಅವನು ತೆಗೆದುಕೋ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ ಎಂದ. ಆ ಮಾತನ್ನು ನಾನು ಅಪ್ಪನ ಒಪ್ಪಿಗೆ ಎಂದುಕೊಂಡೆ. ಎದ್ದು ಮೆಟ್ಟಿಲಿನ ಕಡೆ ಹೋಗುತ್ತಿದ್ದವನು ನಿಂತ.

"ಎರಡ ಹಂಗಾಮ ತಡದು ತಗೋರಿ ಅಂತ ಅದ್ರಾಗ ಬರ್ಯಾಕ ಬರಂಗಿಲ್ಲೇನ?"

ನನ್ನ ಕಡೆ ತಿರುಗದೆ ಕೇಳಿದ. ಹತ್ತು ದಿನದಿಂದ ಹನ್ನೊಂದು ಲೈಸೆನ್ಸುಗಳಲ್ಲಿ ನಾನು ಹುಡುಕಿದ್ದು ಅದನ್ನೇ ಎಂದು ಅವನಿಗೆ ಹೇಗೆ ಹೇಳಲಿ? ಬರುವುದಿಲ್ಲ ಎಂದೆ. ಆಗಲಿ ಎಂದು ಕೆಳಗಿಳಿದ.

ಆಮೇಲಿನ ದಿನಗಳಲ್ಲಿ ನಾನು ಯಾವ ಕಡೆ ಹೊರಳಿದರೂ ಗೋಡೆ. ಅಂಗಡಿಯಲ್ಲಿ ಮಾಲೀಕರು ಆ ಬೋರ್ಡನ್ನು ಬಾಗಿಲಿನ ಎದುರಿಗೇ ತೂಗುಹಾಕಿದ್ದರು. ಅದರ ಮೇಲೆ ದಿನವಿಡೀ ನಾಲ್ಕು ಸೊನ್ನೆ. ಅಕ್ಕ ದಿನಕ್ಕೊಂದು ಮೆಸೇಜು ಕಳಿಸುತ್ತಿದ್ದಳು, ಕೆಲವು ಬೈಗುಳ, ಕೆಲವು ಬರೀ ಪ್ರಶ್ನೆಯ ಗುರುತು. ಮನೆಯಲ್ಲಿ ಅಪ್ಪ ಎಂದಿನ ಹಾಗೆ ಗಂಟಲು ಉಳಿಸಿಕೊಳ್ಳುತ್ತಿದ್ದ, ನಾನು ಅವನ ಎದುರು ಕೂರುವುದನ್ನು ತಪ್ಪಿಸುತ್ತಿದ್ದೆ. ಬಸ್ಸಿನಲ್ಲಿ ಮಾತ್ರ ನಾನು ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಅದೂ ಒಂದು ತಾಸಿಗೆ ಮುಗಿಯುತ್ತಿತ್ತು.

ಆ ದಿನಗಳಲ್ಲಿ ದಿನಚರಿಯಲ್ಲಿ ಒಂದು ವಾಕ್ಯ ಬರೆದಿದ್ದೇನೆ. ಈಗ ಓದಿದರೆ ಮುಖ ಬಿಸಿಯಾಗುತ್ತದೆ. ಅಕ್ಕನಿಗೆ ಒಳ್ಳೆಯದಾಗಲಿ ಎಂದು ಮಾತ್ರವಲ್ಲ, ನಾನು ಬರೆದದ್ದು ಎಲ್ಲಾದರೂ ಓಡಲಿ ಎಂಬ ಆಸೆ ನನಗಿದೆ ಎಂದು. ಅದು ಖರೆ. ಕಾಟಾ ಬಿಚ್ಚಿ ಇಲಿ ಕಡಿದ ವೈರು ಕೂಡಿಸುವ ಕೆಲಸದಲ್ಲಿ ನನ್ನದು ಎಂದು ಹೇಳಿಕೊಳ್ಳುವಂಥದ್ದು ಅದೊಂದೇ ಇತ್ತು. ಅಪ್ಪನ ಸಲುವಾಗಿ ತಡೆದಿದ್ದೇನೆ ಎಂದು ದಿನವೂ ಸ್ವಲ್ಪ ಸ್ವಲ್ಪ ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು.

ಅವನಿಗೆ ಅದು ಕಂಡಿರಬೇಕು. ಮೂವತ್ನಾಲ್ಕನೆಯ ದಿನ ಬೆಳಿಗ್ಗೆ, ರೊಟ್ಟಿ ತಿನ್ನುತ್ತಿದ್ದಾಗ, ಹಾಕಿದೆಯಾ ಎಂದು ಕೇಳಿದ. ಇಲ್ಲ ಎಂದೆ.

"ನನ್ನ ಸಲುವಾಗಿ ಇಟ್ಕೊಬ್ಯಾಡ," ಎಂದ. "ಇವತ್ತ ನನ್ನ ಸಲುವಾಗಿ ಅಂತಿ. ನಾಳೆ ಏನರ ಕೆಟ್ರ ನನ್ನ ಮ್ಯಾಲ ಹಾಕ್ತಿ. ನಾ ಬ್ಯಾಡ ಅಂದಿಲ್ಲ."

ಬೇಕು ಎಂದೂ ಅವನು ಅನ್ನಲಿಲ್ಲ. ತಟ್ಟೆಯಲ್ಲಿ ಕೈ ತೊಳೆದು ಎದ್ದ. ಆ ದಿನವೂ ಗುರುವಾರವೇ.

ಮೋಟೆಬೆನ್ನೂರಿನಲ್ಲಿ ಬಸ್ಸು ಜನ ತುಂಬಲು ನಿಂತಿದ್ದಾಗ ನಾನು ಆ ಮೂರು ಪ್ಯಾರಾಗಳ ಫೈಲನ್ನು ಸೇರಿಸಿದೆ. ಹೆಸರಿನ ಸಾಲಿನಲ್ಲಿ ವರ್ಷ ಹಾಕಿದೆ, ನನ್ನ ಹೆಸರು ಹಾಕಿದೆ, ಅಪ್ಪನ ಹೆಸರಿನ ಮೊದಲ ಅಕ್ಷರ ಹೇಗೂ ನನ್ನ ಇನಿಷಿಯಲ್ಲಿನಲ್ಲಿ ಇದೆ. ಬೆರಳು ಒತ್ತಿದ್ದು ಒಂದೇ ಸಲ. ಕಂಡಕ್ಟರು ಶೀಟಿ ಹೊಡೆದ. ಅಕ್ಕನಿಗೆ ತಿಳಿಸಿದೆ. ಹತ್ತು ನಿಮಿಷದೊಳಗೆ ಅವಳು ಫೋನು ಮಾಡಿ, ಬೈದು, ಹರಸಿ, ಶನಿವಾರ ಊಟಕ್ಕೆ ಬಾ ಎಂದಳು. ಹೋದೆ. ಅವಳ ಯಂತ್ರ ಓಡುತ್ತಿತ್ತು. ನೂರು ಪ್ಯಾಕೆಟ್ಟು ತೂಗಿ ನೋಡಿದೆ, ತೊಂಬತ್ತೊಂಬತ್ತು ಸರಿ. ಹೆಂಗಸರಲ್ಲಿ ಒಬ್ಬಳು ಇನ್ನು ಚಿಟಿಕೆ ಹಿಡಿಯುವ ಕೆಲಸ ತಪ್ಪಿತು ಎಂದು ಬೆರಳ ಲಟಿಕೆ ಮುರಿದು ತೋರಿಸಿದಳು. ಚಿಟಿಕೆಯ ಕೆಲಸದ ಬದಲು ಸೀಲು ಹಾಕುವ ಕೆಲಸ ಕೊಟ್ಟಿದ್ದೇನೆ, ಯಾರನ್ನೂ ಬಿಟ್ಟಿಲ್ಲ ಎಂದು ನಾನು ಕೇಳದೆಯೇ ಅಕ್ಕ ಹೇಳಿದಳು.

ಮಾಲೀಕರು ನನ್ನನ್ನು ಏನೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಮುಂದಿನ ಹಂಗಾಮಿಗೆ ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಆ ಬೋರ್ಡು ಹೋಯಿತು. ಅಪ್ಪ ಕೂಗುವ ಅಂಗಡಿಯೇ. ನಮ್ಮಲ್ಲಿ ಕಂಪ್ಯೂಟರ್ ಜೋಡಿಸುವವಳು ನಾನೊಬ್ಬಳೇ ಆದ್ದರಿಂದ ಕೂಡಿಸಲು ಹೋದವಳೂ ನಾನೇ. ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಏಣಿ ಹತ್ತಿದೆ. ಕೆಳಗೆ ಏಣಿ ಹಿಡಿದವನು ಅಪ್ಪ. ಬೋರ್ಡು ಶುರುವಾಗುವಾಗ ಒಂದು ಕ್ಷಣ ಲೈಸೆನ್ಸಿನ ಸಾಲು ಓಡುತ್ತದೆ. ನನ್ನ ಹೆಸರು ಕೆಂಪಗೆ ಮೂಡಿ ಹೋಯಿತು. ಹಮಾಲರಲ್ಲಿ ಒಬ್ಬ ಅದನ್ನು ಓದಿ, ಮಗಳು ಬೋರ್ಡಿನಲ್ಲಿ, ಅಪ್ಪ ಸ್ಟೂಲಿನಲ್ಲಿ ಎಂದು ರಾಗವಾಗಿ ಹೇಳಿದ. ಎಲ್ಲರೂ ನಕ್ಕರು. ಅಪ್ಪನೂ.

ಅಪ್ಪನನ್ನು ತೆಗೆಯಲಿಲ್ಲ. ಚೀಟಿಯ ಮೇಲೆ ತೂಕದವನ ಸಹಿ ಬೇಕು, ಇರಲಿ, ಮುಂದೆ ನೋಡೋಣ ಎಂದರು ಅಂಗಡಿಯವರು. ಅವನು ಸ್ಟೂಲಿನ ಮೇಲೆ ಕುಳಿತು ಸಹಿ ಮಾಡುತ್ತಾನೆ. ಕೂಗುವುದನ್ನೂ ಬಿಟ್ಟಿಲ್ಲ. ಬೋರ್ಡಿನ ಅಂಕಿ ನಿಲ್ಲುವುದಕ್ಕಿಂತ ಅರೆಗಳಿಗೆ ಮೊದಲೇ ಅವನ ದನಿ ಬರುತ್ತದೆ. ಇಪ್ಪತ್ಮೂರು ಸಾಲುಗಳಲ್ಲಿ ನಾನು ಎಲ್ಲಿಯೋ ಏನೋ ಬಿಟ್ಟಿದ್ದೇನೆ.

ಬೋರ್ಡು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಮಾಲೀಕರು ನನ್ನನ್ನು ಸೋಮವಾರ ಸೋಮವಾರ ಅಲ್ಲಿಗೆ ಕಳಿಸುತ್ತಾರೆ. ಕಂಬಕ್ಕೆ ಒರಗಿ ನಿಂತು ಮೊದಲ ಐವತ್ತು ಚೀಲ ನೋಡುತ್ತೇನೆ. ಮೇಲೆ ಮೊಳದುದ್ದದ ಕೆಂಪು ಅಂಕಿ ಹೊಳೆಯುತ್ತಿರುವಾಗಲೂ ರೈತರು ಅಪ್ಪನ ಮುಖ ನೋಡಿ "ಎಷ್ಟಾತ್ರಿ?" ಎಂದು ಕೇಳುತ್ತಾರೆ. ಅವನು ಹೇಳುತ್ತಾನೆ. ಆಮೇಲೇ ಅವರು ಚೀಟಿ ತೆಗೆದುಕೊಳ್ಳುವುದು. ಒಬ್ಬ ಕೇಳಿದರೆ ಒಂದು ಗೆರೆ. ಮೊದಲ ಸೋಮವಾರ ನಲವತ್ತೇಳು. ಎರಡನೆಯದು ನಲವತ್ನಾಲ್ಕು. ಮೂರನೆಯ ಸೋಮವಾರ ನಲವತ್ತೈದಕ್ಕೆ ಏರಿತ್ತು, ಅಂದು ನನಗೆ ಬಹಳ ಖುಷಿಯಾಗಿತ್ತು. ನಾಲ್ಕನೆಯದು ಮೂವತ್ತೊಂದು.

ನಾನು ಏನು ಎಣಿಸುತ್ತಿದ್ದೇನೆ ಎಂದು ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಆದರೂ ಅವನು ಸಂಜೆ ಕಾಲು ತೊಳೆದು ಬಂದವನೇ ಇವತ್ತು ಎಷ್ಟು ಎಂದು ಕೇಳುತ್ತಿದ್ದ. ಎಣಿಕೆಯಲ್ಲಿ ನಾನು ಸುಳ್ಳು ಹೇಳುವುದಿಲ್ಲ ಎಂದು ಅವನಿಗೆ ಗೊತ್ತು. ನಾನು ಹೇಳುತ್ತಿದ್ದೆ, ಅವನು ಹೂಂ ಎನ್ನುತ್ತಿದ್ದ.

ಕಳೆದ ಸೋಮವಾರ ಹನ್ನೊಂದು. ಎರಡು ಕಟ್ಟು, ಮೇಲೆ ಒಂದು ಗೆರೆ. ಸಂಜೆ ಅಪ್ಪ ಕೇಳಲಿಲ್ಲ. ನಾನೂ ಹೇಳಲಿಲ್ಲ. ಪುಸ್ತಕವನ್ನು ಅವನು ಕುಳಿತುಕೊಳ್ಳುವ ಕಟ್ಟೆಯ ಮೇಲೆ ಬಿಚ್ಚಿಟ್ಟು ಒಳಗೆ ಹೋದೆ. ಬೆಳಿಗ್ಗೆ ನೋಡಿದಾಗ ಅದು ಮುಚ್ಚಿತ್ತು. ಗಾಳಿಗೆ ಹಾರದಿರಲೆಂದು ಮೇಲೆ ಅವನ ಕನ್ನಡಕದ ಡಬ್ಬಿ ಇಟ್ಟಿದ್ದ.